ಆಕಾಶದಲ್ಲಿ ಪಂಕ್ತಿಭೇದ

ಜರ್ಮನಿಯ ರೋನ್ ಬೆಟ್ಟಸಾಲಿನಲ್ಲಿ ವಾಸರ್‌ಕುಪ್ಪೆ ಎಂಬ ಬೋಳುಗುಡ್ಡವೊಂದಿದೆ. 1933ರ ಬೇಸಿಗೆಯಲ್ಲಿ ಅಲ್ಲಿ ನಡೆದ ಗ್ಲೈಡರ್ ಸ್ಪರ್ಧೆಗೆ ಇಪ್ಪತ್ತೊಂದು ವರ್ಷದ ಒಬ್ಬ ತರುಣಿ ಬಂದಿದ್ದಳು. ಹೆಸರು ಹಾನ್ನಾ ರೈಟ್ಷ್. ಐದಡಿಗಿಂತ ಹೆಚ್ಚಿಲ್ಲದ ಎತ್ತರ, ಗಾಳಿ ಬಂದರೆ ತಾನೇ ಹಾರಿಹೋದಾಳು ಎನ್ನುವಂಥ ಮೈ. ಅದೃಷ್ಟ ಆಕೆಯ ಪಾಲಿಗಿರಲಿಲ್ಲ. ಉಳಿದವರು ಗಾಳಿಯನ್ನೇರಿ ಮೋಡದತ್ತ ಸಾಗುತ್ತಿದ್ದರೆ ಆಕೆಯ ವಿಮಾನ ಮತ್ತೆ ಮತ್ತೆ ಕೆಳಗಿನ ಕಣಿವೆಗೆ ಬಂದಿಳಿಯುತ್ತಿತ್ತು. ಕೊನೆಗೆ ಬಹುಮಾನ ಹಂಚುವ ಹೊತ್ತಿನಲ್ಲಿ ಆಕೆಯ ಕೈಗೂ ಏನೋ ಬಂತು. ಒಂದು ಮಾಂಸ ಅರೆಯುವ ಯಂತ್ರ. ಅದರ ಜೊತೆಗೆ ಅಡಿಗೆಮನೆಯ ಒಂದು ತಕ್ಕಡಿ.

ಕೊಟ್ಟವರು ಇದನ್ನು ಕೇಡೆಣಿಸಿಯೇ ಕೊಟ್ಟರೆಂದು ಹೇಳಲಾಗದು; ತಮಾಷೆಗೆ ಕೊಟ್ಟಿರಬಹುದು. ಆದರೆ ಸೋತ ಗಂಡಸಿಗೆ ಯಾರೂ ಅಡಿಗೆಯ ಪಾತ್ರೆ ಕೊಡುವುದಿಲ್ಲ. ಸೋಲಿನಲ್ಲಿ ಕೂಡ ಆಕೆಗೆ ಬೇರೆ ಎಲೆ ಹಾಕಿದರು ಎಂಬುದೇ ಇಲ್ಲಿನ ವಿಷಯ. ಊಟದ ಮನೆಯಲ್ಲಿ ಇದಕ್ಕೆ ನಾವು ಪಂಕ್ತಿಭೇದ ಎನ್ನುತ್ತೇವೆ. ಆಕಾಶದಲ್ಲಿಯೂ ಅದು ಬೇಕೆ, ಗ್ಲೈಡರ್ ಸ್ಪರ್ಧೆಗಳಲ್ಲಿ ಗಂಡಸರಿಗೊಂದು ಸಾಲು ಹೆಂಗಸರಿಗೊಂದು ಸಾಲು ಇರಬೇಕೆ ಎಂಬ ಪ್ರಶ್ನೆ ಆ ಬೆಟ್ಟದ ಕಾಲದಿಂದ ಇಂದಿನವರೆಗೂ ತೀರ್ಮಾನವಾಗದೆ ಉಳಿದಿದೆ. ಈ ಪ್ರಶ್ನೆಗೊಂದು ಚರಿತ್ರೆಯಿದೆ. ನನ್ನ ಮಟ್ಟಿಗೆ ಚರಿತ್ರೆಯೇ ಅರ್ಧ ಉತ್ತರ.

ಗ್ಲೈಡರನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಊರಾಚೆಯ ಬಯಲಲ್ಲಿ ನಿಂತು ತಲೆಯೆತ್ತಿ ನೋಡಿ. ಹದ್ದೊಂದು ರೆಕ್ಕೆಯನ್ನು ಒಮ್ಮೆಯೂ ಬಡಿಯದೆ ಸುತ್ತಿ ಸುತ್ತಿ ಮೇಲೇರುತ್ತಿರುತ್ತದೆ. ಕಾದ ನೆಲದಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಹದ್ದು ಆ ಕಂಬದೊಳಗೆ ಸುತ್ತುತ್ತದೆ. ಗ್ಲೈಡರ್ ಮಾಡುವುದೂ ಅದನ್ನೇ. ಅದಕ್ಕೆ ಎಂಜಿನ್ನಿಲ್ಲ. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಟ್ಟ ಮೇಲೆ ಅದು ಇಳಿಯುತ್ತಲೇ ಇರಬೇಕು. ಇಳಿಯುವ ವೇಗಕ್ಕಿಂತ ಹೆಚ್ಚು ವೇಗದಿಂದ ಏರುತ್ತಿರುವ ಗಾಳಿಯನ್ನು ಹುಡುಕಿಕೊಂಡರೆ ಮಾತ್ರ ಮೇಲೇರೀತು. ಇಂದಿನ ಸ್ಪರ್ಧೆಗಳಲ್ಲಿ ಗೊತ್ತುಮಾಡಿದ ಮೂಲೆಗಳನ್ನು ಬಳಸಿ, ನೂರಾರು ಕಿಲೊಮೀಟರ್ ದೂರ ಸುತ್ತಿ, ಯಾರು ಬೇಗ ಹಿಂದಿರುಗುತ್ತಾರೋ ಅವರು ಗೆದ್ದರು. ಯಾವ ಮೋಡದ ಕೆಳಗೆ ಗಾಳಿ ಏರುತ್ತಿದೆ, ಯಾವುದು ಒಣಮೋಡ, ಇಲ್ಲಿ ನಿಂತು ಸುತ್ತಬೇಕೋ ಮುಂದೆ ಸಾಗಬೇಕೋ ಎಂದು ಐದಾರು ಗಂಟೆ ಒಬ್ಬರೇ ಕುಳಿತು ಲೆಕ್ಕ ಹಾಕುತ್ತಿರಬೇಕು. ಇದು ಚದುರಂಗಕ್ಕೆ ಹತ್ತಿರ, ಕುಸ್ತಿಗೆ ದೂರ.

ಈ ಆಟ ಹುಟ್ಟಿದ್ದೇ ಒಂದು ನಿಷೇಧದಿಂದ ಎಂಬುದು ಸ್ವಾರಸ್ಯದ ಸಂಗತಿ. ಗ್ಲೈಡರಿನ ಆದಿಪುರುಷನಾದ ಓಟ್ಟೊ ಲಿಲಿಯೆಂತಾಲ್ 1896ರಲ್ಲಿ ತನ್ನ ರೆಕ್ಕೆಗಳೊಡನೆ ಬಿದ್ದು ಸತ್ತ ಮೇಲೆ, ಎಂಜಿನ್ ಬಂದು, ಜನ ಎಂಜಿನ್ನಿಲ್ಲದ ಹಾರಾಟವನ್ನು ಮರೆತಿದ್ದರು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ವಿಮಾನಗಳ ಮೇಲೆ ಕಟ್ಟುಪಾಡು ಹಾಕಿತು. ಎಂಜಿನ್ ಇಲ್ಲದಿದ್ದರೇನು, ಗಾಳಿಯಿದೆಯಲ್ಲ ಎಂದು ಅಲ್ಲಿನ ವಿದ್ಯಾರ್ಥಿಗಳೂ ಯುದ್ಧದಿಂದ ಮರಳಿದ ವೈಮಾನಿಕರೂ ವಾಸರ್‌ಕುಪ್ಪೆಯನ್ನು ಹತ್ತಿದರು. ಮೊದಲ ಸ್ಪರ್ಧೆ 1920ರಲ್ಲಿ ನಡೆಯಿತು. ಯುದ್ಧದ ಪೈಲಟ್ಟರೇ ಮುಂದಾಳುಗಳಾಗಿದ್ದ ಆ ಬಿಡಾರ ಗಂಡಸರ ಬಿಡಾರವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಹೆಂಗಸರು ಬರಬಾರದೆಂಬ ನಿಯಮ ಬರೆಯುವ ಅಗತ್ಯವೇ ಇರಲಿಲ್ಲ. ಬರೆಯದ ನಿಯಮಗಳೇ ಗಟ್ಟಿಯಾದುವು ಎಂಬುದು ನಮ್ಮ ಮನೆಗಳಲ್ಲಿಯೂ ಗೊತ್ತಿರುವ ಮಾತು.

ಇನ್ನು ದೇಹಬಲದ ಮಾತು. ಓಟದಲ್ಲಿ, ಭಾರ ಎತ್ತುವುದರಲ್ಲಿ ಸ್ತ್ರೀಪುರುಷರನ್ನು ಬೇರ್ಪಡಿಸುವುದಕ್ಕೆ ಕಾರಣವುಂಟು. ಸ್ನಾಯುವೇ ಅಲ್ಲಿ ಬಂಡವಾಳ. ಗ್ಲೈಡರಿನ ಹಿಡಿಕೆಯನ್ನು ಎರಡು ಬೆರಳಲ್ಲಿ ಆಡಿಸಬಹುದು. ತೂಕದ ಪ್ರಶ್ನೆಯೊಂದಿದೆ: ಭಾರವಾದ ಗ್ಲೈಡರ್ ಹಗುರವಾದದ್ದರಷ್ಟೇ ಇಳಿಜಾರಿನಲ್ಲಿ, ಆದರೆ ಹೆಚ್ಚು ವೇಗವಾಗಿ ಜಾರುತ್ತದೆ. ಹೀಗಾಗಿ ಗಾಳಿ ಬಲವಾಗಿರುವ ದಿನ ಭಾರವೇ ಲಾಭ. ಆದರೆ ಇದನ್ನು ಸ್ಪರ್ಧಿಗಳು ಎಂದೋ ಬಗೆಹರಿಸಿಕೊಂಡರು. ರೆಕ್ಕೆಯೊಳಗೆ ಕೊಡಗಟ್ಟಲೆ ನೀರು ತುಂಬಿಕೊಂಡು ಹೊರಡುತ್ತಾರೆ, ಬೇಡವಾದಾಗ ಆಕಾಶದಲ್ಲಿಯೇ ಚೆಲ್ಲುತ್ತಾರೆ. ಪೈಲಟ್ ತೀರ ಹಗುರವಾದರೆ ವಿಮಾನದ ಸಮತೋಲ ಕೆಡದಿರಲೆಂದು ಸೀಸದ ತುಂಡುಗಳನ್ನು ಇಡುತ್ತಾರೆ. ಹೆಣ್ಣೆಂಬ ಕಾರಣಕ್ಕೆ ಉಂಟಾಗುವ ಕೊರತೆಯನ್ನು ನಾಲ್ಕು ಕೊಡ ನೀರು, ಒಂದು ತುಂಡು ಸೀಸ ತುಂಬಿಕೊಡುವುದಾದರೆ, ಅದು ಕೊರತೆಯೇ ಅಲ್ಲ.

ಆದರೂ ಬೇರೆ ಸಾಲು ಬಂತು, ಮೊದಲಿಗೆ ಸ್ಪರ್ಧೆಯಲ್ಲಲ್ಲ, ದಾಖಲೆಯ ಪುಸ್ತಕದಲ್ಲಿ. 1905ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟ ದಾಖಲೆಗಳನ್ನು ಎರಡು ಪಟ್ಟಿಗಳಲ್ಲಿ ಇಡುತ್ತ ಬಂದಿದೆ. ಒಂದು ಸಾಮಾನ್ಯ, ಎಲ್ಲರಿಗೂ ಸೇರಿದ್ದು, ಇನ್ನೊಂದು ಮಹಿಳೆಯರದು. ಅಡಿಗೆಯ ತಕ್ಕಡಿಯನ್ನು ಮನೆಗೆ ಹೊತ್ತ ಹಾನ್ನಾ ರೈಟ್ಷ್ ಮೂರೇ ವರ್ಷದಲ್ಲಿ, 1936ರಲ್ಲಿ, 305 ಕಿಲೊಮೀಟರ್ ಹಾರಿ ಮಹಿಳೆಯರ ಪಟ್ಟಿಯನ್ನೇರಿದಳು. ಮರುವರ್ಷ ಗ್ಲೈಡರಿನಲ್ಲಿ ಆಲ್ಪ್ಸ್ ಪರ್ವತವನ್ನು ದಾಟಿದ ಮೊದಲ ಹೆಂಗಸೆನಿಸಿದಳು. ಎಲ್ಲರ ಪಟ್ಟಿ ಅಷ್ಟರಲ್ಲಿ ಬಹಳ ಮುಂದೆ ಹೋಗಿತ್ತು: 1937ರಲ್ಲಿ ಸೋವಿಯತ್ ದೇಶದ ವಿಕ್ಟರ್ ರಾಸ್ತೊರ್ಗುಯೆವ್ 652 ಕಿಲೊಮೀಟರ್ ಹಾರಿದ್ದ. 305 ಎಲ್ಲಿ, 652 ಎಲ್ಲಿ! ಎರಡು ಪಟ್ಟಿ ಇರುವುದೇ ನ್ಯಾಯವೆಂದು ಆಗ ಯಾರಾದರೂ ಹೇಳಿದ್ದರೆ ಅಂಕಿಗಳು ಅವರ ಪರವಾಗಿಯೇ ಸಾಕ್ಷಿ ನುಡಿಯುತ್ತಿದ್ದುವು.

ಹಾಗಿದ್ದಾಗ 1939ರ ಜುಲೈ 6 ಬಂತು. ಅಂದು ಮಾಸ್ಕೋದ ತುಷಿನೊ ವಿಮಾನ ನಿಲ್ದಾಣದಿಂದ ಓಲ್ಗಾ ಕ್ಲೆಪಿಕೋವಾ ಎಂಬಾಕೆ ಒಂದು ಗ್ಲೈಡರಿನಲ್ಲಿ ಹೊರಟಳು. ವಿಮಾನದ ಹೆಸರು ರೋಟ್ ಫ್ರಂಟ್-7. ಅದನ್ನು ರೂಪಿಸಿದವನು ಓಲೆಗ್ ಆಂಟನೋವ್. ಮುಂದೆ ನಮ್ಮ ವಾಯುಪಡೆಗೂ ಬಂದ ಆಂಟನೋವ್ ಸಾಗಣೆ ವಿಮಾನಗಳ ಆಂಟನೋವ್ ಇವನೇ. ಆಕೆ ದಕ್ಷಿಣದ ಹುಲ್ಲುಗಾವಲಿನ ಕಡೆ ಮೋಡದಿಂದ ಮೋಡಕ್ಕೆ ಸಾಗುತ್ತ ಹೋದಳು. ಸ್ಟಾಲಿನ್‌ಗ್ರಾಡ್ ಪ್ರಾಂತದ ಒಂದು ಹಳ್ಳಿಯ ಬಳಿ ನೆಲಕ್ಕಿಳಿದಾಗ ಹೊರಟ ಜಾಗದಿಂದ 749 ಕಿಲೊಮೀಟರ್ ದೂರವಾಗಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಪ್ರಾಂತದ ಹೆಸರು ಜಗತ್ತಿನ ಬಾಯಲ್ಲೆಲ್ಲ ಬೇರೆ ಕಾರಣಕ್ಕಾಗಿ ಓಡಾಡಿತು. ಗ್ಲೈಡರಿನ ಸುದ್ದಿ ಕೇಳುವವರಿರಲಿಲ್ಲ.

ಈ 749ನ್ನು ಕುರಿತು ಸ್ವಲ್ಪ ನಿಲ್ಲಬೇಕು. ಇದು ಹೆಂಗಸೊಬ್ಬಳು ಹಾರಿದ ಅತಿ ಹೆಚ್ಚಿನ ದೂರವಾಗಿರಲಿಲ್ಲ. ಮನುಷ್ಯರು ಯಾರೇ ಹಾರಿದ ಅತಿ ಹೆಚ್ಚಿನ ದೂರವಾಗಿತ್ತು. ರಾಸ್ತೊರ್ಗುಯೆವ್‌ನ ದೂರಕ್ಕಿಂತ ತೊಂಬತ್ತಾರು ಕಿಲೊಮೀಟರಿಗೂ ಹೆಚ್ಚು. ಯಾವ ಗಂಡಸೂ ಇದನ್ನು ಮೀರುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು. 1951ರ ಆಗಸ್ಟಿನಲ್ಲಿ ಅಮೆರಿಕದ ರಿಚರ್ಡ್ ಜಾನ್ಸನ್ ಟೆಕ್ಸಾಸಿನಿಂದ ಹೊರಟು 861 ಕಿಲೊಮೀಟರ್ ಹಾರಿದ. ಆ ಹನ್ನೆರಡರಲ್ಲಿ ಆರು ವರ್ಷವನ್ನು ಯುದ್ಧ ನುಂಗಿತು ಎಂದು ಯಾರಾದರೂ ಆಕ್ಷೇಪಿಸಬಹುದು. ನುಂಗಿರಲಿ, ಉಳಿದ ಆರು ವರ್ಷಕ್ಕೆ ಏನು ಹೇಳುವುದು? ಮಹಿಳೆಯರ ಪಟ್ಟಿಯಲ್ಲಂತೂ ಅದು ಮೂವತ್ತೆಂಟು ವರ್ಷ, 1977ರವರೆಗೆ ಅಳಿಯಲಿಲ್ಲ.

ಈಗ ವಿಚಿತ್ರ ನೋಡಿ. 1951ರಲ್ಲಿ ಜಾನ್ಸನ್ ಬಂದೊಡನೆ ಕ್ಲೆಪಿಕೋವಾ ಎಲ್ಲರ ಪಟ್ಟಿಯಿಂದ ಕೆಳಗಿಳಿದಳು. ಅದು ಸರಿಯೇ. ಆದರೆ ಮಹಿಳೆಯರ ಪಟ್ಟಿಯಲ್ಲಿ ಉಳಿದದ್ದರಿಂದ ಮುಂದಿನವರು ಆಕೆಯನ್ನು ನೆನೆದಾಗಲೆಲ್ಲ ‘ಮಹಿಳೆಯರ ದಾಖಲೆ’ ಮಾಡಿದವಳೆಂದೇ ನೆನೆದರು. ಪಟ್ಟಿ ಆಕೆಯ ಹೆಸರನ್ನು ಉಳಿಸಿತು. ಅದೇ ಪಟ್ಟಿ ಆಕೆ ಮಾಡಿದ್ದೇನೆಂಬುದನ್ನು ಮರೆಸಿತು. ಎರಡು ಪಟ್ಟಿ ಇಡುವವರು ಯಾವ ದುರುದ್ದೇಶವೂ ಇಲ್ಲದೆ ಮಾಡಬಹುದಾದ ಅನ್ಯಾಯ ಇದು.

ಇದನ್ನು ನಾನು ಬೇರೆಯವರ ಮೇಲೆ ಹೊರಿಸಿ ಕೂರುವಂತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಅಂತರಕಾಲೇಜು ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಪ್ರಥಮ, ದ್ವಿತೀಯ ಬಹುಮಾನಗಳು. ಅವಲ್ಲದೆ ದಾನಿಯೊಬ್ಬರು ಇಟ್ಟಿದ್ದ ‘ಉತ್ತಮ ವಿದ್ಯಾರ್ಥಿನಿ’ ಎಂಬ ಬೆಳ್ಳಿಯ ಬಟ್ಟಲು. ಅಂಕಗಳನ್ನು ಕೂಡಿಸಿದಾಗ ಎಲ್ಲರಿಗಿಂತ ಮುಂದೆ ಒಬ್ಬ ಹುಡುಗಿಯೇ ಇದ್ದಳು. “ಅವಳಿಗೆ ಬಟ್ಟಲಿದೆಯಲ್ಲ ಸಾರ್, ಪ್ರಥಮ ಹುಡುಗನಿಗಿರಲಿ, ಒಬ್ಬರಿಗೇ ಎರಡೇಕೆ?” ಎಂದರು ವ್ಯವಸ್ಥಾಪಕರು. ರೈಲಿಗೆ ಹೊತ್ತಾಗಿತ್ತು. ನಾನೂ ಸಹಿ ಹಾಕಿದೆ. ಬಟ್ಟಲನ್ನು ತೆಗೆದುಕೊಂಡು ಹೋಗುವಾಗ ಆ ಹುಡುಗಿ ನನ್ನನ್ನು ನೋಡಿದ ನೋಟ ಕ್ಲೆಪಿಕೋವಾಳ ವಿಷಯ ಓದಿದಾಗ ನೆನಪಾಯಿತು. ಅವಳಿಗೆ ತನ್ನ ಅಂಕ ಗೊತ್ತಿತ್ತೋ ಇಲ್ಲವೋ. ನನಗೆ ಗೊತ್ತಿತ್ತು.

ಇರಲಿ. ಯುದ್ಧದ ತರುವಾಯ ಹಾನ್ನಾ ರೈಟ್ಷ್ ಮತ್ತೆ ಕಾಣಿಸಿಕೊಂಡಳು. 1952ರಲ್ಲಿ ಸ್ಪೇನಿನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಇಬ್ಬರು ಕುಳಿತು ಹಾರುವ ಗ್ಲೈಡರುಗಳ ವಿಭಾಗದಲ್ಲಿ ಲಿಸ್ಬೆತ್ ಹೇಫ್ನರ್ ಎಂಬ ಸಂಗಾತಿಯೊಡನೆ ಮೂರನೆಯ ಸ್ಥಾನ ಗಳಿಸಿದಳು. ಹೆಂಗಸರಿಬ್ಬರು, ಎದುರಿಗೆ ಜಗತ್ತಿನ ಗಂಡಸರು, ಒಂದೇ ಪಂಕ್ತಿ. ಸ್ತ್ರೀಪಕ್ಷದ ವಕೀಲರು ಈಕೆಯನ್ನು ಸಾಕ್ಷಿಯಾಗಿ ಕರೆಯಲು ಹಿಂಜರಿಯುವುದು ಸಹಜವೇ. ಹಿಟ್ಲರನ ಆಳ್ವಿಕೆಗೆ ಆಕೆ ಮನಃಪೂರ್ವಕ ದುಡಿದವಳು. 1945ರ ಏಪ್ರಿಲಿನಲ್ಲಿ ಬರ್ಲಿನ್ ಉರಿಯುತ್ತಿದ್ದಾಗ ಅವನ ನೆಲಮಾಳಿಗೆಗೆ ಹೋಗಿ ಬಂದವಳು. ಆ ಕಳಂಕವನ್ನು ಯಾವ ಪದಕವೂ ತೊಳೆಯದು. ಆದರೆ ಗಾಳಿಯನ್ನು ಓದುವ ಜಾಣ್ಮೆ ಸಜ್ಜನರಿಗೇ ಮೀಸಲಲ್ಲ; ಹಾಗೆಯೇ ಗಂಡಸರಿಗೂ ಮೀಸಲಲ್ಲ. ಈಕೆ 1959ರಲ್ಲಿ ನಮ್ಮ ದೇಶಕ್ಕೂ ಬಂದು, ಪ್ರಧಾನಿ ನೆಹರೂ ಅವರನ್ನು ಗ್ಲೈಡರಿನಲ್ಲಿ ಕೂರಿಸಿಕೊಂಡು ದೆಹಲಿಯ ಮೇಲೆ ಹಾರಿದಳು. ಅದೇ ಕಾಲದಲ್ಲಿ ನಮ್ಮ ನಾಗರಿಕ ವಿಮಾನಯಾನ ಇಲಾಖೆ ತಾನೇ ಗ್ಲೈಡರುಗಳನ್ನು ರೂಪಿಸತೊಡಗಿತ್ತು. ಅವಕ್ಕಿಟ್ಟ ಹೆಸರುಗಳು ಅಶ್ವಿನಿ, ಭರಣಿ, ರೋಹಿಣಿ, ಕಾರ್ತಿಕ್! ನಮ್ಮ ಪುರಾಣದಲ್ಲಿ ನಕ್ಷತ್ರಗಳು ದಕ್ಷನ ಹೆಣ್ಣುಮಕ್ಕಳು. ವಿಮಾನಗಳಿಗೆ ಹೆಣ್ಣು ಹೆಸರಿಡಲು ಯಾರೂ ಹಿಂದೆಮುಂದೆ ನೋಡಲಿಲ್ಲ.

ಆಮೇಲಿನ ದೊಡ್ಡ ಹೆಸರು ಇಂಗ್ಲೆಂಡಿನ ಆನ್ ಬರ್ನ್ಸ್. ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿ ಎಂಜಿನಿಯರ್. 1954ರಲ್ಲಿ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಬಿದ್ದಾಗ, ಕಾರಣ ಹುಡುಕಲು ನಡೆಸಿದ ಪರೀಕ್ಷೆಯ ಹಾರಾಟಗಳಲ್ಲಿ ಅದೇ ಜಾತಿಯ ವಿಮಾನವನ್ನೇರಿ ಕುಳಿತವರಲ್ಲಿ ಈಕೆಯೂ ಒಬ್ಬಳು. ಗಂಡ ಹೆಂಡತಿ ಇಬ್ಬರೂ ಗ್ಲೈಡರ್ ಹಾರಿಸುವವರು. 1966ರಲ್ಲಿ ಆನ್ ಬ್ರಿಟನ್ನಿನ ರಾಷ್ಟ್ರೀಯ ಚಾಂಪಿಯನ್ ಆದಳು. ಮಹಿಳಾ ಚಾಂಪಿಯನ್ ಅಲ್ಲ, ಚಾಂಪಿಯನ್. ಹಿಂದೆ ಯಾವ ಹೆಂಗಸೂ ಅದನ್ನು ಗೆದ್ದಿರಲಿಲ್ಲ.

ಹೀಗೆ ಒಂದೇ ಪಂಕ್ತಿಯಲ್ಲಿ ಕುಳಿತು ಗೆದ್ದವರು ಇರುವಾಗ ಬೇರೆ ಪಂಕ್ತಿ ಏಕೆ ಹುಟ್ಟಿತು? ಹುಟ್ಟಿದ್ದು ಪೋಲೆಂಡಿನಲ್ಲಿ, ಹೆಂಗಸರು ಚೆನ್ನಾಗಿ ಹಾರುತ್ತಿದ್ದ ನಾಡಿನಲ್ಲಿಯೇ. 1973ರಲ್ಲಿ ಅಲ್ಲಿನ ಲೆಷ್ನೊ ಪಟ್ಟಣದಲ್ಲಿ ಹೆಂಗಸರಿಗಾಗಿಯೇ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. 1979ರಲ್ಲಿ ಹಂಗೇರಿಯಲ್ಲಿ ಅದು ಯುರೋಪಿನ ಮಹಿಳಾ ಚಾಂಪಿಯನ್‌ಷಿಪ್ ಆಯಿತು. 2001ರಲ್ಲಿ ಲಿಥುವೇನಿಯದಲ್ಲಿ ವಿಶ್ವ ಮಹಿಳಾ ಚಾಂಪಿಯನ್‌ಷಿಪ್ ಆಯಿತು. 2020ರ ಜನವರಿಯಲ್ಲಿ ಆಸ್ಟ್ರೇಲಿಯದಲ್ಲಿ, 2022ರಲ್ಲಿ ಇಂಗ್ಲೆಂಡಿನಲ್ಲಿ ಅದು ನಡೆದಿದೆ. ಇದರ ಜೊತೆಗೆ ಹಳೆಯ ವಿಶ್ವ ಸ್ಪರ್ಧೆಯೂ ಇದೆ. ಅದಕ್ಕೆ ‘ಪುರುಷರ’ ಎಂಬ ವಿಶೇಷಣವಿಲ್ಲ, ಅದು ಎಲ್ಲರದು.

ಈ ಬೇರೆ ಸ್ಪರ್ಧೆಯನ್ನು ಬೇಡಿದವರು ಹೆಂಗಸರಿಗೆ ಶಕ್ತಿಯಿಲ್ಲವೆಂದು ಬೇಡಲಿಲ್ಲ. ಅವರ ವಾದ ಕೇವಲ ಗಣಿತ. ವಿಶ್ವ ಸ್ಪರ್ಧೆಯ ಒಂದೊಂದು ವರ್ಗಕ್ಕೆ ಒಂದು ದೇಶದಿಂದ ಹೋಗುವವರು ಇಬ್ಬರೋ ಮೂವರೋ. ಗ್ಲೈಡರ್ ಹಾರಿಸುವವರಲ್ಲಿ ಹೆಂಗಸರು ಎಲ್ಲ ದೇಶಗಳಲ್ಲಿಯೂ ಅತ್ಯಲ್ಪ. ನೂರು ಗಂಡಸರ ನಡುವೆ ಐದಾರು ಹೆಂಗಸರಿದ್ದು, ಎಲ್ಲರ ಜಾಣ್ಮೆಯೂ ಸಮವೇ ಆದರೂ, ಆ ಇಬ್ಬರಲ್ಲಿ ಒಬ್ಬಳು ಹೆಂಗಸಾಗುವುದು ಎಷ್ಟು ಸಲಕ್ಕೊಮ್ಮೆ? ವಿಶ್ವ ಸ್ಪರ್ಧೆಗೆ ಹೋಗದವರಿಗೆ ವಿಶ್ವ ಸ್ಪರ್ಧೆಯ ಅನುಭವವಿಲ್ಲ, ಅನುಭವವಿಲ್ಲದವರನ್ನು ಕಳಿಸುವುದಿಲ್ಲ. ಈಜು ಬಾರದವನು ನೀರಿಗಿಳಿಯಬಾರದೆಂದರೆ ಈಜು ಬರುವುದೆಂದಿಗೆ?

ಹೆಂಗಸರೇಕೆ ಅತ್ಯಲ್ಪ ಎಂದು ಕೇಳಿದರೆ ಉತ್ತರ ಆಕಾಶದಲ್ಲಿಲ್ಲ, ನೆಲದ ಮೇಲಿದೆ. ಗ್ಲೈಡರ್ ಎಲ್ಲೆಂದರಲ್ಲಿ ಇಳಿಯುತ್ತದೆ. ಎಂಬತ್ತು ಮೈಲಿ ಆಚೆ ಯಾವುದೋ ಆಲೂಗೆಡ್ಡೆಯ ಹೊಲದಲ್ಲಿ ಇಳಿದವರನ್ನು, ರೆಕ್ಕೆ ಕಳಚಿ, ಟ್ರೇಲರಿಗೇರಿಸಿ, ರಾತ್ರಿಯೆಲ್ಲ ಕಾರು ಓಡಿಸಿ ಯಾರಾದರೂ ಕರೆತರಬೇಕು. 1952ರಲ್ಲಿ ಸ್ಪೇನಿನಲ್ಲಿ ಒಬ್ಬರೇ ಹಾರುವ ವಿಭಾಗವನ್ನು ಗೆದ್ದು ವಿಶ್ವ ಚಾಂಪಿಯನ್ ಆದವರು ಇಂಗ್ಲೆಂಡಿನ ಫಿಲಿಪ್ ವಿಲ್ಸ್. ಅವರನ್ನು ಹೊಲಹೊಲಗಳಿಂದ ಕರೆತರುವ ನೆಲದ ತಂಡದ ಮುಖ್ಯಸ್ಥೆ ಅವರ ಹೆಂಡತಿ ಕಿಟ್ಟಿ. ಗಂಡನಿಗಾಗಿ ಟ್ರೇಲರ್ ಎಳೆದ ಹೆಂಡತಿಯರು ಗ್ಲೈಡರಿನ ಚರಿತ್ರೆಯಲ್ಲಿ ತುಂಬ ಮಂದಿ. ಹೆಂಡತಿಗಾಗಿ ಟ್ರೇಲರ್ ಎಳೆದ ಗಂಡಂದಿರೂ ಇಲ್ಲದಿಲ್ಲ. ಎಣಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ಅದಲ್ಲದೆ ಈ ಆಟ ರಜಾದಿನಗಳನ್ನೆಲ್ಲ ತಿನ್ನುತ್ತದೆ. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋದವರು ಸಂಜೆಗೆ ಮನೆಗೆ. ಭಾನುವಾರದ ಅಡಿಗೆ ಯಾರ ಪಾಲಿನದೆಂಬುದು ಯುರೋಪಿನಲ್ಲಿಯೂ ಬಹುಕಾಲ ಒಗಟಾಗಿರಲಿಲ್ಲ. 1933ರ ತಕ್ಕಡಿಗೆ ಹಾಗೊಂದು ಅರ್ಥವಿತ್ತು.

ಎದುರುವಾದವೂ ಹಗುರವಲ್ಲ. 1999ರಿಂದ ಕಿರಿಯರಿಗೊಂದು ವಿಶ್ವ ಸ್ಪರ್ಧೆಯಿದೆ. ಅದಕ್ಕೆ ಇಪ್ಪತ್ತೈದು ವರ್ಷದ ಮಿತಿ. ಅಲ್ಲಿ ಪಳಗಿದವರು ವಯಸ್ಸು ಮೀರಿದೊಡನೆ ದೊಡ್ಡ ಪಂಕ್ತಿಗೆ ಬರಲೇಬೇಕು, ಬಾಗಿಲು ತಾನಾಗಿ ಆ ಕಡೆಗೆ ತೆರೆಯುತ್ತದೆ. ಮಹಿಳಾ ಸ್ಪರ್ಧೆಗೆ ಅಂಥ ಮಿತಿಯಿಲ್ಲ. ಅದನ್ನು ದಾಟಿ ಹೋಗುವ ವಯಸ್ಸು ಎಂದಿಗೂ ಬರುವುದಿಲ್ಲ. ಪ್ರತ್ಯೇಕ ಪದಕ ಇರುವಾಗ ಎಲ್ಲರ ತಂಡಕ್ಕೆ ಇವಳೇಕೆ ಎಂದು ಆಯ್ಕೆದಾರರು ಅಂದುಕೊಂಡರೆ, ಬಟ್ಟಲಿರುವವಳಿಗೆ ಪ್ರಥಮವೇಕೆ ಎಂಬ ಮಾತೇ ಮತ್ತೆ ಬಂತು.

ಬೇರೊಂದು ಆಟದಲ್ಲಿ ಆದದ್ದನ್ನು ಇಲ್ಲಿ ಹೇಳಲೇಬೇಕು. ಹಾರುವ ತಟ್ಟೆಗೆ ಗುಂಡು ಹೊಡೆಯುವ ಸ್ಕೀಟ್ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ಸ್ತ್ರೀಪುರುಷರಿಗೆ ಒಂದೇ ಆಗಿತ್ತು. 1992ರಲ್ಲಿ ಬಾರ್ಸಿಲೋನದಲ್ಲಿ ಚೀನದ ಜಾಂಗ್ ಶಾನ್ ಎಂಬಾಕೆ ಅದರಲ್ಲಿ ಚಿನ್ನ ಗೆದ್ದಳು. 1996ರಲ್ಲಿ ಅಟ್ಲಾಂಟದಲ್ಲಿ ಆ ಸ್ಪರ್ಧೆ ಗಂಡಸರಿಗೆ ಮಾತ್ರ. ಹೆಂಗಸರಿಗೆ ಬೇರೆ ಸ್ಕೀಟ್ ಇರಲೇ ಇಲ್ಲ; ಬಂದದ್ದು 2000ದಲ್ಲಿ. ಆಕೆ ಗೆದ್ದಳೆಂದೇ ಬಾಗಿಲು ಹಾಕಿದರೆಂದು ನಾನು ಹೇಳುತ್ತಿಲ್ಲ. ಆದರೆ ಚಿನ್ನ ಗೆದ್ದವಳು ಮುಂದಿನ ಸಲ ಅದನ್ನು ಉಳಿಸಿಕೊಳ್ಳಲು ಬಂದಿದ್ದರೆ ನಿಲ್ಲುವುದಕ್ಕೆ ಜಾಗವಿರಲಿಲ್ಲ ಎಂಬುದು ನಡೆದ ಸಂಗತಿ. ಬೇರೆ ಸಾಲು ಹಾಕುವುದೆಂದರೆ ಕೆಲವೊಮ್ಮೆ ಮೊದಲಿನ ಸಾಲಿನಿಂದ ಎಬ್ಬಿಸುವುದೂ ಆಗುತ್ತದೆ.

ಗ್ಲೈಡರಿನವರು ಈ ತಪ್ಪು ಮಾಡಿಲ್ಲ. ಎಲ್ಲರ ಸ್ಪರ್ಧೆಯನ್ನು ಅವರು ಎಲ್ಲರಿಗೂ ತೆರೆದೇ ಇಟ್ಟಿದ್ದಾರೆ. ಆದ್ದರಿಂದ ಮಹಿಳಾ ಸ್ಪರ್ಧೆಯನ್ನು ಮುಚ್ಚಬೇಕೆನ್ನುವವರ ಜೊತೆ ನಾನು ಸೇರಲಾರೆ. ಲೆಷ್ನೊದಲ್ಲಿ ಅದು ಹುಟ್ಟದೆ ಹೋಗಿದ್ದರೆ ಎಷ್ಟೋ ಮಂದಿ ಕಾಕ್‌ಪಿಟ್ಟಿನ ಬದಲು ಟ್ರೇಲರಿನ ಕಾರಿನಲ್ಲಿಯೇ ಕುಳಿತಿರುತ್ತಿದ್ದರು. ಆದರೆ ಅದೇ ಸಾಕು, ಅಲ್ಲಿಯೇ ಇರಿ ಎನ್ನುವವರ ಜೊತೆಗೂ ಸೇರಲಾರೆ. ಮಹಿಳಾ ಸ್ಪರ್ಧೆಯ ಯಶಸ್ಸನ್ನು ಅಲ್ಲಿ ಕೊಟ್ಟ ಪದಕಗಳಿಂದ ಎಣಿಸುವುದಲ್ಲ, ಅಲ್ಲಿಂದ ಎದ್ದು ದೊಡ್ಡ ಪಂಕ್ತಿಗೆ ಬಂದವರಿಂದ ಎಣಿಸಬೇಕು. ಆ ಎಣಿಕೆ ಇನ್ನೂ ಸಣ್ಣದು. ದಾಖಲೆಯ ಪುಸ್ತಕ ಬರೆಯುವವರಂತೂ ಒಂದು ಉಪಕಾರ ಮಾಡಬಹುದು: ಕ್ಲೆಪಿಕೋವಾಳಂಥವರ ಹೆಸರು ಬಂದಾಗ ಎರಡೂ ಪಟ್ಟಿಯನ್ನು ತೆರೆದು ತೋರಿಸಬಹುದು.

ಪೋಲೆಂಡಿನ ಪೆಲಾಗಿಯಾ ಮಾಯೆವ್‌ಸ್ಕಾ ಎಂಬ ಪೈಲಟ್ಟಳು ಅನೇಕ ದಾಖಲೆಗಳನ್ನು ಮಾಡಿದವಳು. ಬೆಟ್ಟದಿಂದ ಬಿದ್ದು ಸತ್ತ ಆ ಲಿಲಿಯೆಂತಾಲನ ಹೆಸರಿನಲ್ಲಿ ವಾಯುಯಾನ ಒಕ್ಕೂಟ ಒಂದು ಪದಕ ಕೊಡುತ್ತದೆ. ಗ್ಲೈಡರಿನವರಿಗೆ ಅದಕ್ಕಿಂತ ದೊಡ್ಡದಿಲ್ಲ. ಗಂಡಸೆಂದಾಗಲಿ ಹೆಂಗಸೆಂದಾಗಲಿ ಭೇದವಿಲ್ಲ. 1960ರಲ್ಲಿ ಮಾಯೆವ್‌ಸ್ಕಾ ಅದನ್ನು ಪಡೆದಳು, ಹೆಂಗಸರಲ್ಲಿ ಮೊದಲಿಗಳಾಗಿ. 1988ರಲ್ಲಿ ಲಿಸ್ಬನ್ನಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಮರುವರ್ಷ ಒಕ್ಕೂಟ ಆಕೆಯ ನೆನಪಿಗೆ, ಆಕೆಯ ಹೆಸರಿನಲ್ಲಿಯೇ ಮತ್ತೊಂದು ಪದಕವನ್ನು ಸ್ಥಾಪಿಸಿತು. ಅದನ್ನು ಹೆಂಗಸರಿಗೆ ಮಾತ್ರ ಕೊಡುತ್ತಾರೆ.